ಕಾರಿಗೆ ಚೆಲ್ಲಿದ ಸಾರಿನ ಕಲೆ ಸೋಪು ಹಾಕಿದರೆ ಕೆಂಪಾಗುವುದೇಕೆ? ಥಿನ್ನರ್ ಹಚ್ಚುವ ಮೊದಲು ಇದನ್ನು ಓದಿ

ಅರಕಲಗೂಡಿನಲ್ಲಿ ಬೀಗರ ಊಟ ಮುಗಿಸಿ ಕೊಣನೂರಿಗೆ ಹೊರಟಿದ್ದ ನಮ್ಮ ಬಳಗದವರೊಬ್ಬರ ಮನೆಯ ಕಾರಿಗೆ ಆದ ಗತಿಯೇ ಈ ಲೇಖನಕ್ಕೆ ಕಾರಣ. ಉಳಿದ ಮಟನ್ ಸಾರನ್ನು ಸ್ಟೀಲ್ ಬಕೆಟ್ಟಿನಲ್ಲಿ ತುಂಬಿ, ಕೀಲಿ ಹುಡುಕುವಷ್ಟು ಹೊತ್ತು ಡಿಕ್ಕಿಯ ಮೇಲಿಟ್ಟಿದ್ದರು. ಯಾರದೋ ಮೊಣಕೈ ತಾಗಿ ಬಕೆಟ್ ವಾಲಿತು. ಬಿಳಿ ಕಾರಿನ ಡಿಕ್ಕಿ ಬಾಗಿಲಿನಿಂದ ಬಂಪರ್‌ವರೆಗೆ ಸಾರು ಇಳಿಯಿತು. ರಾತ್ರಿಯಾಗಿತ್ತು, ಒಂದು ಚೊಂಬು ನೀರು ಸುರಿದು ಹೊರಟರು.

ಬೆಳಿಗ್ಗೆ ನೋಡಿದರೆ ಹಳದಿ ಪಟ್ಟೆಗಳು. ಮನೆಯಲ್ಲಿದ್ದ ಅತ್ತೆ, "ಪಾತ್ರೆ ತಿಕ್ಕೋ ಪುಡಿ ಹಾಕಿ ತಿಕ್ಕಪ್ಪ, ಹೋಯ್ತದೆ" ಎಂದರು. ತಿಕ್ಕಿದರು. ಹೋಗುವುದಿರಲಿ, ಹಳದಿ ಪಟ್ಟೆ ಕಣ್ಣೆದುರೇ ಇಟ್ಟಿಗೆ ಕೆಂಪಾಯಿತು. ಬಣ್ಣವೇ ಸುಟ್ಟುಹೋಯಿತು ಎಂದು ಗಾಬರಿಯಾದರು. ಪಕ್ಕದ ಮನೆಯ ಹುಡುಗ ಥಿನ್ನರ್ ತಂದುಕೊಟ್ಟ. ಬಟ್ಟೆಯಲ್ಲಿ ಅದ್ದಿ ಒರೆಸಿದರೆ ಕೆಂಪು ಹೋಯಿತು, ಅದರ ಜೊತೆಗೆ ಕಾರಿನ ಬಿಳಿ ಬಣ್ಣವೂ ಬಟ್ಟೆಗೆ ಬಂತು. ಎರಡು ವರ್ಷದ ಹಿಂದೆ ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು. ಮುಂದಿನ ವರ್ಷ ಮಾರಿ ಮಗಳ ಕಾಲೇಜಿನ ಫೀಜು ಕಟ್ಟಬೇಕೆಂದಿದ್ದರು.

ಇಲ್ಲಿ ನಡೆದದ್ದರಲ್ಲಿ ಯಾವುದು ಕಲೆ, ಯಾವುದು ಹಾನಿ, ಯಾವುದು ಬರೀ ಕಣ್ಣಿನ ಮೋಸ ಎಂದು ಬಿಡಿಸಿ ನೋಡೋಣ. ಈ ಮೂರೂ ಬೇರೆ ಬೇರೆ ಎಂದು ಗೊತ್ತಿಲ್ಲದಿರುವುದೇ ಬಹಳಷ್ಟು ವಾಹನಗಳ ಬಣ್ಣ ಹಾಳಾಗಲು ಕಾರಣ.

ಹಳದಿ ಕೆಂಪಾದದ್ದು ಹೇಗೆ?

ಮದುವೆ ಮನೆಯಲ್ಲಿ ಕೆಂಪು ಆರತಿ ಎತ್ತುವುದನ್ನು ನೋಡಿದವರಿಗೆ ಇದರ ಉತ್ತರ ಆಗಲೇ ಗೊತ್ತಿದೆ. ತಟ್ಟೆಯ ನೀರಿಗೆ ಅರಿಶಿನ ಹಾಕಿ, ಚಿಟಿಕೆ ಸುಣ್ಣ ಬೆರೆಸಿದರೆ ನೀರು ಕೆಂಪಗಾಗುತ್ತದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್ ಎಂಬ ವಸ್ತು. ಹುಳಿಯ ಜೊತೆ, ಅಂದರೆ ಆಮ್ಲದ ಜೊತೆ ಇದ್ದಾಗ ಅದು ಹಳದಿಯಾಗಿಯೇ ಉಳಿಯುತ್ತದೆ. ಸುಣ್ಣ, ಸೋಪು, ವಾಷಿಂಗ್ ಸೋಡಾದಂಥ ಕ್ಷಾರ ತಾಗಿದರೆ ಕೆಂಪು-ಕಂದು ಬಣ್ಣಕ್ಕೆ ತಿರುಗುತ್ತದೆ. ಶಾಲೆಯಲ್ಲಿ ಅರಿಶಿನದ ಕಾಗದಕ್ಕೆ ಸೋಪಿನ ನೀರು ಹನಿಸಿ ನೋಡಿದ ಪ್ರಯೋಗವೂ ಇದೇ. ಅಂಗಿಯ ಮೇಲಿನ ಸಾಂಬಾರಿನ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇದೇ.

ಪಾತ್ರೆ ಪುಡಿಯಲ್ಲಿ ಕ್ಷಾರ ಇರುತ್ತದೆ. ಹಾಗಾಗಿ ಡಿಕ್ಕಿಯ ಮೇಲೆ ಕೆಂಪಾದದ್ದು ಕಾರಿನ ಬಣ್ಣವಲ್ಲ, ಅರಿಶಿನ. ಚೆನ್ನಾಗಿ ನೀರು ಹಾಯಿಸಿ ಕ್ಷಾರವನ್ನು ತೊಳೆದಿದ್ದರೆ ಆ ಕೆಂಪು ಮತ್ತೆ ಹಳದಿಗೆ ಮರಳುತ್ತಿತ್ತು. ಅಲ್ಲಿಯವರೆಗೆ ಕಾರಿನ ಬಣ್ಣಕ್ಕೆ ಏನೂ ಆಗಿರಲಿಲ್ಲ (ಪುಡಿಯಿಂದ ಬಿದ್ದ ಸಣ್ಣ ಗೀರುಗಳನ್ನು ಬಿಟ್ಟರೆ, ಅದರ ಮಾತು ಮುಂದೆ ಬರುತ್ತದೆ).

ಇನ್ನೊಂದು ವಿಷಯ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ. ಎಣ್ಣೆಯಲ್ಲಿ, ಕೊಬ್ಬಿನಲ್ಲಿ, ಆಲ್ಕೋಹಾಲಿನಲ್ಲಿ ಸರಾಗವಾಗಿ ಕರಗುತ್ತದೆ. ಮಟನ್ ಸಾರಿನ ಮೇಲೆ ತೇಲುವ ಕೊಬ್ಬು ಹಳದಿಯಾಗಿರುವುದು ಅದಕ್ಕೇ. ಆ ಕೊಬ್ಬು ಬಂಪರಿನ ಪ್ಲಾಸ್ಟಿಕ್ಕಿಗೂ ಬಣ್ಣದ ಪದರಕ್ಕೂ ಅಂಟಿ, ತನ್ನೊಳಗಿನ ಹಳದಿಯನ್ನು ಅಲ್ಲಿಗೆ ದಾಟಿಸುತ್ತದೆ. ಬರೀ ನೀರು ಎಷ್ಟು ಸುರಿದರೂ ಹೋಗದಿರುವುದಕ್ಕೆ ಕಾರಣ ಇಷ್ಟೇ, ಕಲೆಯ ಹಠವೇನಲ್ಲ.

ಒಂದು ಹಾಳೆಯಷ್ಟೇ ದಪ್ಪ

ಕಾರ್ಖಾನೆಯಿಂದ ಬರುವ ಕಾರಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ತಗಡಿಗೆ ತುಕ್ಕು ಹಿಡಿಯದಂತೆ ಮೊದಲ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನಮಗೆ ಕಾಣುವ ಬಣ್ಣ, ಕೊನೆಗೆ ಬಣ್ಣವಿಲ್ಲದ ಹೊಳಪಿನ ಪದರ. ಇದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ನಾಲ್ಕೂ ಸೇರಿ ಹೆಚ್ಚುಕಡಿಮೆ 100ರಿಂದ 140 ಮೈಕ್ರಾನ್, ಅಂದರೆ ಒಂದು ಜೆರಾಕ್ಸ್ ಹಾಳೆಯ ಆಸುಪಾಸು. ಕ್ಲಿಯರ್ ಕೋಟ್ ಒಂದೇ ತೆಗೆದುಕೊಂಡರೆ 35ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಬಿಸಿಲು, ಮಳೆ, ಹಕ್ಕಿಯ ಹಿಕ್ಕೆ, ಸಾರು ಎಲ್ಲವನ್ನೂ ತಡೆಯುವುದು ಇದೊಂದೇ. ಅದು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ ಎಂದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಆದರೆ ಊರಿನ ರಸ್ತೆಯಲ್ಲಿ ಓಡಾಡುವ ಎಲ್ಲ ವಾಹನಕ್ಕೂ ಈ ನಾಲ್ಕು ಪದರ ಇರುವುದಿಲ್ಲ. ಟ್ರ್ಯಾಕ್ಟರ್, ಟ್ರೇಲರ್, ಹಳೆಯ ಲಾರಿಗಳಿಗೆ ಎನಾಮಲ್ ಬಣ್ಣವೇ ಹೆಚ್ಚು, ಮೇಲೆ ಬೇರೆ ಹೊಳಪಿನ ಪದರವಿಲ್ಲ. ಗುದ್ದಿಸಿಕೊಂಡ ಕಾರುಗಳಿಗೆ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿರುತ್ತಾರೆ. ಹಾಗೆ ಹೊಡೆಯುವುದರಲ್ಲಿ ಎರಡು ಬಗೆ. ಪಿಯು ಬಣ್ಣ ಗಟ್ಟಿಗೊಳಿಸುವ ದ್ರಾವಣದ ಜೊತೆ ರಾಸಾಯನಿಕವಾಗಿ ಬೆಸೆದು ಒಣಗುತ್ತದೆ. ಎನ್‌ಸಿ ಬಣ್ಣ ಕಡಿಮೆ ಖರ್ಚಿನದು, ಅದರಲ್ಲಿರುವ ಥಿನ್ನರ್ ಆರಿಹೋಗುವುದರಿಂದ ಮಾತ್ರ ಒಣಗುತ್ತದೆ. ಥಿನ್ನರ್ ಆರಿ ಒಣಗಿದ ಬಣ್ಣಕ್ಕೆ ಮತ್ತೆ ಥಿನ್ನರ್ ತಾಗಿಸಿದರೆ ಏನಾಗುತ್ತದೆ? ಮತ್ತೆ ಕರಗುತ್ತದೆ, ಅಷ್ಟೇ.

ಕೊಣನೂರಿನ ಕಾರಿಗೆ ಆದದ್ದು ಇದು. ಹಿಂದಿನ ಮಾಲೀಕರು ಯಾವಾಗಲೋ ಡಿಕ್ಕಿಗೆ ಎನ್‌ಸಿ ಬಣ್ಣ ಹೊಡೆಸಿದ್ದರು, ಕೊಂಡವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಥಿನ್ನರ್ ಆ ಗುಟ್ಟನ್ನು ಬಯಲು ಮಾಡಿತು.

ನಿಮ್ಮದು ಸೆಕೆಂಡ್ ಹ್ಯಾಂಡ್ ವಾಹನವಾದರೆ ಒಂದು ಪರೀಕ್ಷೆ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು. ಕಣ್ಣಿಗೆ ಬೀಳದ ಮೂಲೆಯಲ್ಲಿ, ಬಾಗಿಲಿನ ಒಳ ಅಂಚಿನಂಥ ಜಾಗದಲ್ಲಿ, ಹತ್ತಿಯ ತುದಿಗೆ ಒಂದೇ ಹನಿ ಥಿನ್ನರ್ ತಾಗಿಸಿ ಮೆಲ್ಲನೆ ಒತ್ತಿ. ಹತ್ತಿಗೆ ಬಣ್ಣ ಬಂದರೆ ಆ ಜಾಗ ಎನ್‌ಸಿ. ಬಣ್ಣ ಹೊಡೆಯುವವರು ಇದನ್ನೇ ಮಾಡಿ ನೋಡುತ್ತಾರೆ. ಒಂದೇ ಕಾರಿನ ಬೇರೆ ಬೇರೆ ಬಾಗಿಲಿಗೆ ಬೇರೆ ಬೇರೆ ಉತ್ತರ ಬರಬಹುದು ಎಂಬುದು ನೆನಪಿರಲಿ.

ಹುಣಸೆಹಣ್ಣು, ನಿಂಬೆ, ಕೋಲಾ: ಹಿತ್ತಾಳೆಯ ಬುದ್ಧಿ ಕಾರಿಗೆ ಬೇಡ

"ದೇವರ ದೀಪ ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ, ಕಾರು ಯಾಕೆ ಹೊಳೆಯಬಾರದು?" ಈ ಪ್ರಶ್ನೆ ತಪ್ಪೇನಲ್ಲ, ಉತ್ತರ ತಿಳಿದುಕೊಳ್ಳಬೇಕು. ಹಿತ್ತಾಳೆ ಮಂಕಾಗುವುದು ಅದರ ಮೇಲ್ಮೈಯ ಲೋಹ ಗಾಳಿಯ ಜೊತೆ ಸೇರಿ ಆಕ್ಸೈಡ್ ಆಗುವುದರಿಂದ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಆ ಆಕ್ಸೈಡನ್ನು ಕರಗಿಸಿ ಕೆಳಗಿನ ಹೊಸ ಲೋಹವನ್ನು ತೋರಿಸುತ್ತದೆ. ಕಾರಿನ ಮೇಲಿರುವುದು ಪ್ಲಾಸ್ಟಿಕ್ ಪದರ, ಅಲ್ಲಿ ಕರಗಿಸಬೇಕಾದ ಆಕ್ಸೈಡ್ ಇಲ್ಲ. ಹಾಗಾಗಿ ಆಮ್ಲಕ್ಕೆ ಮಾಡಲು ಒಳ್ಳೆಯ ಕೆಲಸವೇನೂ ಸಿಗುವುದಿಲ್ಲ. ಬಿಸಿಲಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕೆಟ್ಟ ಕೆಲಸ ಮಾತ್ರ ಸಿಗುತ್ತದೆ. ಗೀರಿ ತಗಡು ಕಾಣುತ್ತಿರುವ ಕಡೆ ಹುಳಿ ನಿಂತರೆ ತುಕ್ಕಿಗೂ ದಾರಿ.

ನಿಂಬೆರಸ, ವಿನೆಗರ್, ಕೋಲಾ ಮೂರಕ್ಕೂ ಇದೇ ಮಾತು. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುವುದರಿಂದ ಕ್ರೋಮ್ ಬಂಪರಿನ ತುಕ್ಕು ಸ್ವಲ್ಪ ಬಿಡುತ್ತದೆ, ಅದು ನಿಜ. ಆ ನಿಜವೇ ಬೆಳೆದು ಎಲ್ಲ ಕಲೆಗೂ ಕೋಲಾ ಎಂಬ ನಂಬಿಕೆಯಾಗಿದೆ. ಬಣ್ಣದ ಮೇಲೆ ಅದು ಮಾಡುವುದು ಸಕ್ಕರೆಯ ಅಂಟು ಬಿಟ್ಟು ಇರುವೆ ಕರೆಯುವುದು.

ಟೂತ್‌ಪೇಸ್ಟ್ ಕೆಲಸ ಮಾಡುತ್ತದೆ, ಅದೇ ತೊಂದರೆ

ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಕಲೆ ಹೋಗುತ್ತದೆಯೇ? ಎಷ್ಟೋ ಸಲ ಹೋಗುತ್ತದೆ. ಹೇಗೆ ಎಂದು ಕೇಳಬೇಕು. ಅದರಲ್ಲಿ ಸುಣ್ಣದಕಲ್ಲಿನ ನುಣ್ಣನೆಯ ಪುಡಿ ಅಥವಾ ಸಿಲಿಕಾ ಇರುತ್ತದೆ, ಹಲ್ಲಿನ ಮೇಲಿನ ಪಾಚಿ ಉಜ್ಜಲು. ಕಾರಿನ ಮೇಲೆ ಅದು ಕಲೆಯನ್ನು ಕರಗಿಸುವುದಿಲ್ಲ, ಕಲೆ ಕೂತ ಪದರವನ್ನೇ ಸವೆಸುತ್ತದೆ. ತಲೆಗೂದಲಿಗಿಂತ ತೆಳುವಾದ ಪದರವನ್ನು ಎಷ್ಟು ಸವೆಸಬಹುದು ಎನ್ನುವುದು ಲೆಕ್ಕದ ಪ್ರಶ್ನೆ. ಪಾತ್ರೆ ತೊಳೆಯುವ ಬಾರ್, ಪುಡಿ, ಬೂದಿ, ಅಡುಗೆ ಸೋಡಾ ಇವೆಲ್ಲ ಇದೇ ಜಾತಿ. ಹಸಿರು ಸ್ಕ್ರಬ್ಬರ್ ಇನ್ನೂ ಒರಟು. ತಿಕ್ಕಿದ ದಿನ ಏನೂ ಕಾಣುವುದಿಲ್ಲ. ಮಾರನೆಯ ದಿನ ಓರೆ ಬಿಸಿಲು ಬಿದ್ದಾಗ ಜೇಡರ ಬಲೆಯಂತೆ ಗೀರು ಕಾಣುತ್ತದೆ. ಕಪ್ಪು ಕಾರಾದರೆ ಇನ್ನೂ ಸ್ಪಷ್ಟ.

ಸೀಮೆಎಣ್ಣೆ, ಡೀಸೆಲ್ ಬೇರೆ ಕಥೆ. ಬೆಳಿಗ್ಗೆ ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ವಾಹನ ಮಿರಮಿರ ಮಿಂಚುತ್ತದೆ ಎಂದು ನಂಬಿರುವ ಚಾಲಕರು ನಮ್ಮ ಕಡೆ ಇದ್ದಾರೆ. ಮಿಂಚುವುದು ನಿಜ. ಎಣ್ಣೆಯ ಪೊರೆ ಸಣ್ಣ ಗೀರುಗಳನ್ನು ತುಂಬಿ ಬೆಳಕನ್ನು ಸಮನಾಗಿ ತೋರಿಸುತ್ತದೆ. ಸಂಜೆಯ ಹೊತ್ತಿಗೆ ಅದೇ ಪೊರೆಗೆ ರಸ್ತೆಯ ಧೂಳೆಲ್ಲ ಅಂಟಿರುತ್ತದೆ, ಮರುದಿನ ಒರೆಸುವಾಗ ಆ ಧೂಳು ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಟಾರು ಸಿಡಿದ ಕಲೆಗೆ ಸೀಮೆಎಣ್ಣೆ ಸ್ವಲ್ಪವೇ ಹಚ್ಚಿ ಕೂಡಲೇ ತೊಳೆದರೆ ಅರ್ಥವಿದೆ. ಊಟದ ಕಲೆಗೆ ಅದರ ಅಗತ್ಯವೇ ಇಲ್ಲ. ಪೆಟ್ರೋಲಂತೂ ಬೇಡವೇ ಬೇಡ, ಬೆಂಕಿಯ ಅಪಾಯವೊಂದೇ ಸಾಕು ಬೇಡವೆನ್ನಲು.

ಹಾಗಾದರೆ ಏನು ಮಾಡಬೇಕು?

ಮೊದಲು ನೆರಳು. ಬಿಸಿಲಲ್ಲಿ ನಿಂತ ಗಾಢ ಬಣ್ಣದ ಕಾರಿನ ಬಾನೆಟ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಆ ಬಿಸಿಗೆ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ, ಹಚ್ಚಿದ ಸೋಪಿನ ನೀರು ತೊಳೆಯುವ ಮೊದಲೇ ಒಣಗಿ ಇನ್ನೊಂದು ಕಲೆಯಾಗುತ್ತದೆ. ಅಂಗೈಯ ಹಿಂಭಾಗವನ್ನು ತಗಡಿನ ಮೇಲೆ ನಿರಾಳವಾಗಿ ಇಡಲು ಆದರೆ ತೊಳೆಯಬಹುದು ಎಂದರ್ಥ.

ಆಮೇಲೆ ನೀರು, ಧಾರಾಳವಾಗಿ, ಮೇಲಿನಿಂದ ಕೆಳಕ್ಕೆ. ಒಣ ಬಟ್ಟೆಯಲ್ಲಿ ಒರೆಸುವುದು ಎಲ್ಲರೂ ಮಾಡುವ ಮೊದಲ ತಪ್ಪು. ಒಣಗಿದ ಕಲೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹತ್ತು-ಹದಿನೈದು ನಿಮಿಷ ಬಿಡಿ. ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ. ಬೆಲ್ಲದ ಪಾಕ, ಪಾಯಸ, ಜ್ಯೂಸ್, ಕಾಫಿ ಚೆಲ್ಲಿದ್ದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಸಕ್ಕರೆ ನೀರಿನಲ್ಲಿ ಕರಗುವ ವಸ್ತು ತಾನೇ. ಉಗುರಿನಿಂದ ಕೆರೆಯಬೇಡಿ.

ಜಿಡ್ಡಿನ ಕಲೆಗೆ ಕಾರಿನ ಶಾಂಪೂ ಬೆರೆಸಿದ ಉಗುರುಬೆಚ್ಚಗಿನ ನೀರು. ಕಾರಿನ ಶಾಂಪೂ ಸಿಗದಿದ್ದರೆ ಪಾತ್ರೆ ತೊಳೆಯುವ ದ್ರಾವಣವನ್ನು ಒಂದು ಬಕೆಟ್ ನೀರಿಗೆ ಒಂದು ಚಮಚದಂತೆ ಒಮ್ಮೆ ಬಳಸಿದರೆ ಪ್ರಳಯವೇನೂ ಆಗುವುದಿಲ್ಲ. ಮೇಲೆ ವ್ಯಾಕ್ಸ್ ಇದ್ದರೆ ಅದೂ ಹೋಗುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ. ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು. ಹಳೆಯ ಬನಿಯನ್ ಕೂಡ ಆದೀತು, ಆದರೆ ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಳಸಬೇಡಿ. ಒಂದು ಮರಳಿನ ಕಣ ಸಾಕು. ಕೊನೆಗೆ ಒಣ ಬಟ್ಟೆಯಲ್ಲಿ ನೀರು ಹೀರಿ ತೆಗೆಯಿರಿ. ಬೋರ್‌ವೆಲ್ಲಿನ ಗಡಸು ನೀರು ತಾನಾಗಿ ಒಣಗಿದರೆ ಬಿಳಿ ಸುಣ್ಣದ ಚುಕ್ಕೆ ಉಳಿಯುತ್ತದೆ, ಅದನ್ನು ತೆಗೆಯುವುದು ಸಾರಿನ ಕಲೆಗಿಂತ ಕಷ್ಟ.

ಮೊಟ್ಟೆಗೆ ಮಾತ್ರ ಬಿಸಿ ನೀರು ಬೇಡ

ಬೈಕಿನ ಹಿಂದೆ ಮೊಟ್ಟೆಯ ಟ್ರೇ ಕಟ್ಟಿಕೊಂಡು ಬರುವಾಗ ಹಳ್ಳಕ್ಕೆ ಇಳಿಸಿದವರಿಗೆ ಈ ಮಾತು. ಮೊಟ್ಟೆಯ ಬಿಳಿಯ ಪ್ರೋಟೀನುಗಳು 60 ಡಿಗ್ರಿ ದಾಟಿದರೆ ಗಟ್ಟಿಯಾಗತೊಡಗುತ್ತವೆ. ಆಮ್ಲೆಟ್ ಆಗುವುದು ಹಾಗೆಯೇ. ಕುದಿಯುವ ನೀರು ಸುರಿದರೆ ಟ್ಯಾಂಕಿನ ಮೇಲೆ ಆಮ್ಲೆಟ್ ಆಗುತ್ತದೆ, ನೆಟ್ಟಗೆ ಬಿಸಿಲಿಗೆ ಬಿಟ್ಟರೂ ಹೆಚ್ಚುಕಡಿಮೆ ಅದೇ. ಒಣಗುವಾಗ ಅದು ಕುಗ್ಗಿ ಕೆಳಗಿನ ಪದರವನ್ನು ಹಿಡಿದೆಳೆಯುತ್ತದೆ. ಚಿಪ್ಪಿನ ಚೂರುಗಳು ಬೇರೆ, ಒರೆಸಿದರೆ ಗೀರುತ್ತವೆ. ಹಾಗಾಗಿ ತಣ್ಣೀರಿನಲ್ಲಿ ಚಿಪ್ಪು ಹರಿದುಹೋಗುವಂತೆ ಮಾಡಿ, ಒದ್ದೆ ಬಟ್ಟೆ ಹಾಸಿ ನೆನೆಸಿ, ಆಮೇಲಷ್ಟೇ ಶಾಂಪೂ.

ಹಲಸಿನ ಹಣ್ಣಿನ ಮೇಣ ತಾಗಿದ್ದರೆ ಮನೆಯ ಹಿರಿಯರ ಬುದ್ಧಿಯೇ ಸರಿ. ಹಲಸು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರುತ್ತಾರಲ್ಲ, ಮೇಣ ಎಣ್ಣೆಗೆ ಸಡಿಲವಾಗುವುದರಿಂದ. ಕಾರಿನ ಮೇಲೂ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಒರೆಸಿ, ಆಮೇಲೆ ಎಣ್ಣೆಯನ್ನು ಶಾಂಪೂನಿಂದ ತೆಗೆದರಾಯಿತು.

ಬಸ್ಸಿನ ಕಿಟಕಿಯಿಂದ ಉಗಿದ ಎಲೆಅಡಿಕೆ ರಸ ಊಟದ ಕಲೆಯೋ ಅಲ್ಲವೋ ಎಂಬುದರಲ್ಲಿ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ. ಹಾಸನದ ರಸ್ತೆಯಲ್ಲಿ ಬಸ್ಸಿನ ಹಿಂದೆ ಹೋದವರಿಗೆ ಅದು ದೊಡ್ಡ ಕಲೆಯೇ. ಅಡಿಕೆಯಲ್ಲಿರುವ ಟ್ಯಾನಿನ್‌ಗಳು ಕಬ್ಬಿಣ ಸಿಕ್ಕರೆ ಕಪ್ಪಾಗುತ್ತವೆ, ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾದಂತೆ. ಗೀರು ಬಿದ್ದು ತಗಡು ಕಾಣುವ ಕಡೆ ಬಿದ್ದರೆ ಅದು ಉಳಿದುಬಿಡುತ್ತದೆ, ಉಳಿದ ಕಡೆ ಬೇಗ ತೊಳೆದರೆ ಹೋಗುತ್ತದೆ.

ಆಯುಧಪೂಜೆಯ ಮರುದಿನ

ವರ್ಷದಲ್ಲಿ ಅತಿ ಹೆಚ್ಚು ವಾಹನಗಳಿಗೆ ಕಲೆಯಾಗುವ ದಿನ ಆಯುಧಪೂಜೆ. ಬಾನೆಟ್ಟಿಗೆ ಅರಿಶಿನ, ಕುಂಕುಮ, ವಿಭೂತಿ, ಕುಯ್ದ ನಿಂಬೆಹಣ್ಣು, ಒಡೆದ ಬೂದುಗುಂಬಳಕ್ಕೆ ತುಂಬಿದ ಕುಂಕುಮದ ನೀರು. ಚಕ್ರದಡಿಯ ನಿಂಬೆಹಣ್ಣಿನಿಂದ ಟೈರಿಗೆ ಏನೂ ಆಗುವುದಿಲ್ಲ. ಬಾನೆಟ್ ಮೇಲೆ ನಿಂಬೆರಸ, ಕುಂಕುಮ, ಬಿಸಿಲು ಮೂರೂ ಸೇರಿ ಎರಡು ದಿನ ಕೂತರೆ ಮಾತ್ರ ಆಗುತ್ತದೆ.

ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವ ಹಳೆಯ ಕುಂಕುಮದ ಕೆಂಪು ನಾವು ಮೇಲೆ ಹೇಳಿದ ಕರ್ಕ್ಯುಮಿನ್ನಿನದೇ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕುಂಕುಮದಲ್ಲಿ ಬಹಳ ಕಡೆ ಕೃತಕ ಬಣ್ಣ ಇರುತ್ತದೆ, ಅದು ನೀರು ಕಂಡೊಡನೆ ಹರಡಿ ಪ್ಲಾಸ್ಟಿಕ್ ಭಾಗಗಳಿಗೆ, ಎನಾಮಲ್ಲಿಗೆ ಇಳಿಯುತ್ತದೆ. 2023ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಆಯುಧಪೂಜೆಗೆ ಮುನ್ನ ವಿಧಾನಸೌಧದೊಳಗೆ ರಾಸಾಯನಿಕ ಬಣ್ಣದ ಕುಂಕುಮ, ಅರಿಶಿನ ಬಳಸದಂತೆ ಸುತ್ತೋಲೆ ಹೊರಡಿಸಿದ್ದು ನೆನಪಿರಬಹುದು. ನೆಲಕ್ಕೆ ಬಿದ್ದ ಬಣ್ಣ ಹೋಗುವುದಿಲ್ಲ ಎಂಬುದೇ ಅಲ್ಲಿನ ತಕರಾರು. ಸುತ್ತೋಲೆ ರಾಜಕೀಯ ಜಗಳವಾಯಿತು, ಕಲೆಯ ವಿಚಾರ ಮಾತ್ರ ನಿಜ.

ಪೂಜೆ ಬಿಡಬೇಕಿಲ್ಲ. ಕುಂಕುಮ, ಅರಿಶಿನವನ್ನು ನಂಬರ್ ಪ್ಲೇಟಿನ ಮೇಲೋ ಗಾಜಿನ ಮೇಲೋ ಇಡಬಹುದು, ಗಾಜಿಗೆ ಯಾವ ಬಣ್ಣವೂ ಇಳಿಯುವುದಿಲ್ಲ. ಬಾನೆಟ್ಟಿಗೇ ಇಡಬೇಕೆಂದರೆ ಹಿಂದಿನ ದಿನ ವ್ಯಾಕ್ಸ್ ಹಚ್ಚಿರಿ, ಕಲೆ ವ್ಯಾಕ್ಸಿನ ಮೇಲೆ ಕೂರುತ್ತದೆ, ಅದರ ಜೊತೆಗೇ ಹೋಗುತ್ತದೆ. ಅದೇ ಸಂಜೆ ಮೆತ್ತನೆಯ ಬ್ರಷ್ಷಿನಿಂದ ಒಣ ಪುಡಿಯನ್ನು ಉದುರಿಸಿ, ಆಮೇಲೆ ಜೋರಾಗಿ ನೀರು ಬಿಡಿ. ಪುಡಿ ಇರುವಾಗಲೇ ಒದ್ದೆ ಬಟ್ಟೆ ಆಡಿಸಿದರೆ ಇಡೀ ಬಾನೆಟ್ಟಿಗೆ ಓಕುಳಿ.

ಉಳಿದ ಹಳದಿಗೆ ಬಿಸಿಲು

ಜಿಡ್ಡೆಲ್ಲ ಹೋದ ಮೇಲೂ ಮಸುಕು ಹಳದಿ ಉಳಿದರೆ? ಕರ್ಕ್ಯುಮಿನ್ನಿಗೆ ಒಂದು ದೌರ್ಬಲ್ಯವಿದೆ, ಬೆಳಕು. ಸೂರ್ಯನ ಬೆಳಕಿಗೆ ಅದರ ಅಣುಗಳು ಒಡೆದು ಬಣ್ಣ ಕಳೆದುಕೊಳ್ಳುತ್ತವೆ. ಅರಿಶಿನ ತಾಗಿದ ಬಿಳಿ ಪಂಚೆಯನ್ನು ಒಗೆದು ಬಿಸಿಲಿಗೆ ಹರವುವುದು ಅದಕ್ಕೇ. ಕಾರನ್ನೂ ಹಾಗೇ ಬಿಸಿಲಿಗೆ ನಿಲ್ಲಿಸಿ, ಕೆಲವು ದಿನ ಕೊಡಿ.

ಮೊದಲು ನೆರಳು ಎಂದಿರಿ, ಈಗ ಬಿಸಿಲು ಎನ್ನುತ್ತಿದ್ದೀರಿ ಎಂದು ಕೇಳಬಹುದು. ಹುಳಿ, ಕೊಬ್ಬು, ಮೊಟ್ಟೆ ಮೇಲೆ ಕೂತಿರುವಾಗ ಬಿಸಿಲು ಶತ್ರು. ಅವೆಲ್ಲ ತೊಳೆದುಹೋಗಿ ಬರೀ ಬಣ್ಣ ಉಳಿದಾಗ ಅದೇ ಬಿಸಿಲು ಮದ್ದು. ಈ ಮದ್ದು ಅರಿಶಿನಕ್ಕೆ ಒಪ್ಪುತ್ತದೆ, ಕೃತಕ ಕುಂಕುಮಕ್ಕೆ ಅಷ್ಟು ನಂಬುವಂತಿಲ್ಲ.

ಕಾಯಲು ಆಗದವರು ಸರ್ಜಿಕಲ್ ಸ್ಪಿರಿಟ್ಟಿಗೆ ಸಮ ನೀರು ಬೆರೆಸಿ, ಬಟ್ಟೆಗೆ ತಾಗಿಸಿ ಒತ್ತಿ ತೆಗೆದು, ಕೂಡಲೇ ನೀರು ಹಾಕಬಹುದು. ಆಲ್ಕೋಹಾಲಿನಲ್ಲಿ ಕರ್ಕ್ಯುಮಿನ್ ಕರಗುತ್ತದೆ. ಕಾರ್ಖಾನೆಯ ಬಣ್ಣಕ್ಕೆ ಇಷ್ಟು ತಡೆಯುವ ಶಕ್ತಿ ಇದೆ. ಎನ್‌ಸಿ ಬಣ್ಣವಿದ್ದರೆ, ಅಥವಾ ಯಾವುದೆಂದು ತಿಳಿಯದಿದ್ದರೆ, ಸ್ಪಿರಿಟ್ ಬೇಡ. ಉಗುರಿನ ಬಣ್ಣ ತೆಗೆಯುವ ದ್ರಾವಣದಲ್ಲಿ ಹೆಚ್ಚಾಗಿ ಇರುವ ಅಸಿಟೋನ್ ಯಾವ ಬಣ್ಣಕ್ಕೂ ಬೇಡ.

ಇಷ್ಟಾದ ಮೇಲೂ ಕಲೆಯ ಆಕಾರ ಕಾಣುತ್ತಿದ್ದರೆ ಓರೆಯಿಂದ ಬೆಳಕು ಬೀಳುವಂತೆ ನೋಡಿ. ಬಣ್ಣವಿಲ್ಲದ, ಮಂಕಾದ ತಗ್ಗಿನಂತೆ ಕಂಡರೆ ಅದು ಕಲೆಯಲ್ಲ, ಕ್ಲಿಯರ್ ಕೋಟ್ ಅಲ್ಲಿ ತಿಂದುಹೋಗಿದೆ. ನೇರಳೆಹಣ್ಣು ತಿಂದ ಹಕ್ಕಿಯ ಹಿಕ್ಕೆ ಬಿಸಿಲಲ್ಲಿ ಒಣಗಿದಾಗ ಆಗುವುದೂ ಹೀಗೆಯೇ. ಇದಕ್ಕೆ ತೊಳೆಯುವ ಮದ್ದಿಲ್ಲ. ಸುತ್ತಲಿನ ಪದರವನ್ನು ಕೆಲವು ಮೈಕ್ರಾನ್ ತಗ್ಗಿಸಿ ಸಮ ಮಾಡುವುದೇ ಪಾಲಿಶ್, ಅದನ್ನು ತಿಳಿದವರ ಕೈಯಲ್ಲಿ ಒಮ್ಮೆ ಮಾಡಿಸಿ. ಪ್ರತಿ ಹಬ್ಬಕ್ಕೂ ಮಾಡಿಸುವಂಥದ್ದಲ್ಲ.

ಕೊಣನೂರಿನ ಕಾರಿನ ಡಿಕ್ಕಿಗೆ ಹೊಸದಾಗಿ ಪಿಯು ಬಣ್ಣ ಹೊಡೆಸಬೇಕಾಯಿತು, ಕೆಲವು ಸಾವಿರ ರೂಪಾಯಿ ಹೋಯಿತು. ಹೊಸ ಬಿಳಿ ಹಳೆಯ ಬಿಳಿಗೆ ಪೂರ್ತಿ ಹೊಂದಿಲ್ಲ, ಕೊಳ್ಳಲು ಬಂದವರು ಖಂಡಿತ ಕೇಳುತ್ತಾರೆ. ಗಡಿಬಿಡಿಯಲ್ಲಿ ಬಂಪರಿನ ಕಲೆಗೆ ಯಾರೂ ಏನೂ ಮಾಡಿರಲಿಲ್ಲ, ಶಾಂಪೂ ನೀರಿನಲ್ಲಿ ಒಮ್ಮೆ ತೊಳೆದು ಬಿಟ್ಟಿದ್ದರು. ಮನೆಯ ಮುಂದಿನ ಬಿಸಿಲಲ್ಲಿ ನಿಂತ ಕಾರಿನ ಬಂಪರ್ ಎರಡು ವಾರ ಕಳೆಯುವಷ್ಟರಲ್ಲಿ ತಾನಾಗಿ ಬಿಳಿಯಾಗಿತ್ತು.